ಹಬ್ಬವನ್ನು ಮಕ್ಕಳ ಕೈಗೆ ಕೊಡಿ

ಕೇಳುಗರಿಗೆಲ್ಲ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ಕಥೋಲಿಕ ಶಾಲೆಗಳ ಮೇಷ್ಟ್ರು, ಮೇಡಂ, ಸಿಸ್ಟರ್‌ಗಳು, ಅಲ್ಲಿಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ರೇಡಿಯೋ ಹತ್ತಿರ ಇದ್ದೀರಿ ಅಂದುಕೊಂಡೇ ಮಾತಾಡುತ್ತಿದ್ದೇನೆ. ಹೇಳಬೇಕಾದ್ದು ಒಂದೇ ಮಾತು. ಶಾಲೆಯ ಹಬ್ಬವನ್ನು ಮಕ್ಕಳ ಕೈಗೆ ಕೊಡಿ.

ಈಗ ಏನಾಗುತ್ತಿದೆ ನೋಡಿ. ಕ್ರಿಸ್ಮಸ್ ಬಂತು ಅಂದರೆ ಡ್ಯಾನ್ಸ್ ಹೇಳಿಕೊಡಲು ಹೊರಗಿನವರು ಬರುತ್ತಾರೆ. ಬಟ್ಟೆ ಬಾಡಿಗೆಗೆ ಬರುತ್ತದೆ. ಮುಖ್ಯ ಅತಿಥಿ ತಡವಾಗಿ ಬರುತ್ತಾರೆ. ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತು ಚಪ್ಪಾಳೆ ತಟ್ಟುತ್ತಾರೆ. ಆ ಮಗುವಿಗೆ ಅದರಲ್ಲಿ ಏನು ಸಿಕ್ಕಿತು? 'ಇದು ನಮ್ಮದು' ಅಂತ ಅದಕ್ಕೆ ಅನಿಸಬೇಕಾದರೆ ಅದರ ಕೈ ಒಂದಿಷ್ಟು ಕೆಸರಾಗಬೇಕು, ಅಲ್ವಾ?

ನಮ್ಮ ಹಿರಿಯರು ಹಬ್ಬವನ್ನು ಯಾರೂ ಹೇಳಿಕೊಡದೆ ತಮ್ಮ ಕೈಯಿಂದಲೇ ಮಾಡುತ್ತಿದ್ದರು. ಪೂಜೆಯ ಭಾಷೆ ಮಾತ್ರ ಆಗ ನಮ್ಮದಾಗಿರಲಿಲ್ಲ. ಹಿಂದೆ ಬಲಿಪೂಜೆ, ಅಂದರೆ ಚರ್ಚಿನಲ್ಲಿ ಪಾದ್ರಿಗಳು ನಡೆಸುವ ಮುಖ್ಯ ಪೂಜೆ, ನಡೆಯುತ್ತಿದ್ದದ್ದು ಲ್ಯಾಟಿನ್ನಿನಲ್ಲಿ. 1963ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ, ಮೈಸೂರಿನಿಂದ ಬೇರೆಯಾಯಿತು. ಹಾಸನ ಜಿಲ್ಲೆಯೂ ಅದರೊಳಗೇ ಬಂತು. ಮರು ತಿಂಗಳು, ಡಿಸೆಂಬರ್‌ನಲ್ಲಿ, ರೋಮಿನಲ್ಲಿ ಸೇರಿದ್ದ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲೇ ಪೂಜೆ ಮಾಡಲು ದಾರಿ ಬಿಟ್ಟಿತು. ನಮ್ಮ ಧರ್ಮಪ್ರಾಂತ್ಯಕ್ಕೂ ಕನ್ನಡದ ಪೂಜೆಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ನನಗೆ ಇದು ಬಹಳ ಹೆಮ್ಮೆಯ ವಿಷಯ.

ಈಗ ಒಂದು ಗೋದಲಿಯ ಕಥೆ ಹೇಳುತ್ತೇನೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಕ್ರಿಸ್ಮಸ್‌ಗೆ ಮಾದರಿ ಮಾಡಿ ಇಡುತ್ತೇವಲ್ಲ, ಅದೇ ಗೋದಲಿ. ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಒಂದು ವರ್ಷ ಅದನ್ನು ಕಂಟ್ರಾಕ್ಟಿಗೆ ಕೊಡುವ ಮಾತು ಬಂತು. ಥರ್ಮಾಕೋಲಿನ ಬೆಟ್ಟ, ಹತ್ತಿಯ ಹಿಮ, ಮಿಣುಕು ಲೈಟು. ಹತ್ತಿಯ ಹಿಮ ಯಾಕೆ ಸ್ವಾಮಿ? ನಮ್ಮ ಮಕ್ಕಳಿಗೆ ಗೊತ್ತಿರುವುದು ಡಿಸೆಂಬರಿನ ಮಂಜು. ಏಳನೇ ಕ್ಲಾಸಿನವರಿಗೆ ಬಿಟ್ಟುಬಿಡಿ ಅಂತ ನಾನು ಪಟ್ಟು ಹಿಡಿದೆ.

ಮಾರನೇ ದಿನದಿಂದ ಸಾಮಾನು ಬರತೊಡಗಿತು. ಸಕಲೇಶಪುರದ ಕಡೆ ಎಸ್ಟೇಟಿನಿಂದ ಬರುವ ಹುಡುಗಿ ಸಿಲ್ವರ್ ಮರದ ಕಾಂಡದಿಂದ ಪಾಚಿ ಬಿಡಿಸಿ ಟಿಫಿನ್ ಡಬ್ಬಿಯಲ್ಲಿ ತುಂಬಿಕೊಂಡು ಬಂದಳು. ಅನ್ನ ತಂದಿರಲಿಲ್ಲ, ಬರೀ ಪಾಚಿ! ಆಲೂರಿನ ಹುಡುಗ ರಾಗಿ ಹುಲ್ಲು ತಂದ. ಬಡಗಿಯ ಮಗ ಒಬ್ಬ, ಮುಸ್ಲಿಂ ಹುಡುಗ, ಮೇವಿನ ತೊಟ್ಟಿಯನ್ನು ಹೊಳೆಯುವ ಹಾಗೆ ಉಜ್ಜಿ ತಂದು, 'ನಮ್ಮ ಕುರಾನಿನಲ್ಲೂ ಮರಿಯಮ್ ಹೆಸರಿನ ಅಧ್ಯಾಯ ಇದೆ ಮಿಸ್' ಅಂದ. ಎತ್ತಿನ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಹಳ್ಳಿಕಾರ್ ಎತ್ತೇ ಆಗಬೇಕು ಅಂತ ಅರ್ಧ ಕ್ಲಾಸು. ಅಜ್ಜನ ಊರು ಅಜ್ಜಂಪುರ ಅನ್ನುವ ಹುಡುಗ ಮಾತ್ರ ಅಮೃತಮಹಲ್ ಬಿಟ್ಟು ಬೇರೆ ಒಪ್ಪಲಿಲ್ಲ. ಕೊನೆಗೆ ಎರಡೂ ಇಟ್ಟರು. ಮಣ್ಣಿನ ಎತ್ತು, ತೆಂಗಿನ ಗರಿಯ ಕಡ್ಡಿಯ ಕೊಂಬು.

ಆಮೇಲೆ ಒಬ್ಬಳು ಸ್ಟೀಲ್ ತಟ್ಟೆ ತಂದು ನೀರು ತುಂಬಿದಳು. ನೀರಿನ ನಡುವೆ ಮಣ್ಣಿನ ಚರ್ಚ್ ಇಟ್ಟಳು. ಏನಮ್ಮಾ ಇದು ಅಂದೆ. 'ಶೆಟ್ಟಿಹಳ್ಳಿ ಮಿಸ್' ಅಂದಳು.

ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ರೋಸರಿ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂತು. ಸುತ್ತಲ ಹಳ್ಳಿಯವರು ಎದ್ದು ಹೋದರು. ಮಳೆಗಾಲದಲ್ಲಿ ಚರ್ಚ್ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಜನ ಫೋಟೋ ತೆಗೆಯಲು ಹೋಗುತ್ತಾರೆ. ಆದರೆ ಆ ಹುಡುಗಿಗೆ ಅದು ಅಜ್ಜಿ ದೀಕ್ಷಾಸ್ನಾನ ಪಡೆದ ಜಾಗ.

ಅಜ್ಜಿಯೂ ಬಂದರು ನೋಡಲು. ಮೇರಿ, ಜೋಸೆಫ್ ಕಡೆ ಕೈ ಮುಗಿದರು. ಆಮೇಲೆ ಬಗ್ಗಿ ತಟ್ಟೆ ನೋಡಿದರು. 'ಬಾಗಿಲು ಈ ಕಡೆ ಅಲ್ಲ ಮಗಾ' ಅಂತ ನೀರಿಗೆ ಕೈ ಹಾಕಿ ಮಣ್ಣಿನ ಚರ್ಚನ್ನು ಸ್ವಲ್ಪ ತಿರುಗಿಸಿದರು. ಇನ್ನೂ ಸ್ವಲ್ಪ ತಿರುಗಿಸಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕ್ರಿಸ್ಮಸ್ ರಾತ್ರಿ ಲಾಟೀನು ಹಿಡಿದು ಗದ್ದೆಯ ಬದುವಿನ ಮೇಲೆ ಪೂಜೆಗೆ ಹೋಗುತ್ತಿದ್ದದ್ದು, ಹಾಡುವಾಗ ಯಾರ ದನಿ ದೊಡ್ಡದು, ಪೂಜೆ ಮುಗಿದ ಮೇಲೆ ಯಾರ ಮನೆಯಲ್ಲಿ ಕಾಫಿ, ಎಲ್ಲ ಹೇಳಿದರು. ಊಟದ ಬೆಲ್ ಹೊಡೆದರೂ ಒಂದು ಮಗುವೂ ಏಳಲಿಲ್ಲ. ಅಲ್ಲಿ ಕೂತಿದ್ದವರಲ್ಲಿ ಕ್ರೈಸ್ತ ಮಕ್ಕಳು ಕಮ್ಮಿ. ಹೆಚ್ಚಿನವರು ಒಕ್ಕಲಿಗರ, ಲಿಂಗಾಯತರ, ದಲಿತರ, ಮುಸ್ಲಿಮರ ಮನೆಯ ಮಕ್ಕಳು. ನಂಬಿಕೆಯನ್ನು ಸಂಭ್ರಮಿಸುವುದು ಅಂದರೆ ಇಷ್ಟೇ ಕಣ್ರೀ. ಕಂಟ್ರಾಕ್ಟಿಗೆ ಕೊಟ್ಟಿದ್ದರೆ ಆ ಅಜ್ಜಿ ಬರುತ್ತಿದ್ದರಾ?

ಗೋದಲಿ ಹುಟ್ಟಿದ್ದೂ ಹೀಗೇ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್ಮಸ್ ರಾತ್ರಿಗೆ ಹುಲ್ಲು ತರಿಸಿದರು. ಜೀವಂತ ಎತ್ತು, ಕತ್ತೆ ತಂದು ಕಟ್ಟಿಸಿದರು. ಆ ಊರಿನ ಎತ್ತು, ಆ ಊರಿನ ಹುಲ್ಲು. ನಮ್ಮ ಗೋದಲಿಗೆ ನಮ್ಮೂರಿನದು ಬೇಡವಾ?

ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಬೇರೆ ಧರ್ಮದ ಅಪ್ಪ ಅಮ್ಮಂದಿರಿಗೆ ಮನಸ್ಸಿನಲ್ಲಿ ಅಳುಕು ಇದ್ದರೆ ಬಿಟ್ಟುಬಿಡಿ. ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟಿರುವುದು ಸಂವಿಧಾನದ 30ನೇ ವಿಧಿ. ಅದೇ ಸಂವಿಧಾನದ 28ನೇ ವಿಧಿ ನಿಮ್ಮ ಮಗುವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಧರ್ಮಪಾಠಕ್ಕೆ ಕೂರಿಸಬಾರದು ಅನ್ನುತ್ತದೆ. ಗೋದಲಿಗೆ ಹುಲ್ಲು ತರುವುದು ಮಗುವಿನ ಖುಷಿ.

ಶಾಲೆಯವರಿಗೂ ಒಂದು ಮಾತು. ಕ್ರಿಸ್ಮಸ್ ಒಂದೇ ಹಬ್ಬ ಅಲ್ಲ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಕೊಂಕಣಿ ಮಾತಾಡುವವರಿಗೆ ಅದು ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಮನೆಯಂಗಳದ ಹೂ ತಂದು ಅರ್ಪಿಸುತ್ತಾರೆ. ಹೊಸ ತೆನೆಗೆ ಆಶೀರ್ವಾದ ಆಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ದಯವಿಟ್ಟು ಅಂಗಡಿಯ ಹೂ ತರಿಸಬೇಡಿ. ಮಕ್ಕಳೇ ತರಲಿ, ದಾಸವಾಳವಾದರೂ ಸೈ.

ಇನ್ನು ಗೋದಲಿಯ ಹಸಿರಿಗೆ ರಾಗಿ ಪೈರು ಬೇಕು ಅಂತ ಸುಮಾರು ಜನ ಕೇಳುತ್ತಾರೆ. ರಾಗಿಯನ್ನು ಒಂದು ರಾತ್ರಿ ನೆನೆಹಾಕಿ. ಡಿಸೆಂಬರ್ 14ರ ಹೊತ್ತಿಗೆ ತೆಂಗಿನ ಚಿಪ್ಪಿನಲ್ಲಿ ಮಣ್ಣು, ಸ್ವಲ್ಪ ಗೊಬ್ಬರ ಹಾಕಿ ಒತ್ತಾಗಿ ಉದುರಿಸಿ. ನೀರು ಜಾಸ್ತಿ ಬೇಡ, ಸುಮ್ನೆ ಚಿಮುಕಿಸಿದರೆ ಸಾಕು. ಆ ನೀರನ್ನು ಮಾತ್ರ ಮಕ್ಕಳೇ ಹಾಕಲಿ. ನಮಸ್ಕಾರ.