ಈಜಿಪ್ಟಿನ ನಿತ್ಯಪೂಜೆ: ಮರಳಿ ಕಟ್ಟಿದ್ದು, ಮರಳಿ ಬಾರದ್ದು

ಕೇಳುಗರೆಲ್ಲರಿಗೂ ನಮಸ್ಕಾರ. ಪ್ರಾಚೀನ ಈಜಿಪ್ಟ್ ಎಂದೊಡನೆ ಮಮ್ಮಿ, ಪಿರಮಿಡ್ಡುಗಳ ಮಾತೇ ಮುಂದೆ ಬರುತ್ತದೆ. ಆದರೆ ಆ ಧರ್ಮದ ಜೀವಾಳವಿದ್ದದ್ದು ದೇವಾಲಯದ ನಿತ್ಯಪೂಜೆಯಲ್ಲಿ ಎಂದು ನಾನು ನಂಬುತ್ತೇನೆ. ಈಜಿಪ್ಟಿನ ಅಬೈಡೋಸ್ ಎಂಬಲ್ಲಿ ಒಂದನೆಯ ಸೇಟಿ ಎಂಬ ದೊರೆ ಕಟ್ಟಿಸಿದ ದೇವಾಲಯದ ಗೋಡೆಗಳ ಮೇಲೆ ಆ ಪೂಜೆಯ ವಿಧಿಗಳನ್ನು ಕೆತ್ತಿದ್ದಾರೆ. ತಲೆ ಬೋಳಿಸಿಕೊಂಡು, ಮಿಂದು, ಶುಭ್ರವಾದ ನಾರುಬಟ್ಟೆಯುಟ್ಟ ಅರ್ಚಕ ನಸುಕಿನಲ್ಲಿ ಗರ್ಭಗುಡಿಯ ಬಾಗಿಲಿನ ಜೇಡಿಮಣ್ಣಿನ ಮುದ್ರೆಯನ್ನೊಡೆದು, ಅಗುಳಿ ಸರಿಸಿ, ದೇವರಿಗೆ ಅಡ್ಡಬಿದ್ದು, ಧೂಪ ಹಾಕಿ, ಮೂರ್ತಿಗೆ ತೈಲ ಲೇಪಿಸಿ, ಬಣ್ಣಬಣ್ಣದ ವಸ್ತ್ರಗಳನ್ನು ಅರ್ಪಿಸಿ, ಕೊನೆಗೆ ತನ್ನ ಹೆಜ್ಜೆಗುರುತುಗಳನ್ನು ತಾನೇ ಗುಡಿಸಿ ಅಳಿಸಿ, ಬಾಗಿಲಿಗೆ ಮತ್ತೆ ಮುದ್ರೆಯೊತ್ತಿ ಬರುತ್ತಿದ್ದ. ಚಿತ್ರಗಳಲ್ಲಿ ಇದನ್ನೆಲ್ಲ ನೆರವೇರಿಸುವವನು ಫೇರೋ, ಅಂದರೆ ದೊರೆ; ಅರ್ಚಕನದು ಅವನ ಪರವಾದ ಸೇವೆ.

ರೋಮನ್ ಚಕ್ರವರ್ತಿ ಜಸ್ಟಿನಿಯನ್‌ನ ಕಾಲದಲ್ಲಿ, ಕ್ರಿ.ಶ. ಆರನೆಯ ಶತಮಾನದಲ್ಲಿ, ಈಜಿಪ್ಟಿನ ಫೀಲೆ ದ್ವೀಪದಲ್ಲಿದ್ದ ಐಸಿಸ್ ದೇವಿಯ ದೇವಾಲಯವನ್ನು ಮುಚ್ಚಿಸಲಾಯಿತು. ಪೂಜೆಯೊಂದಿಗೆ ಈಜಿಪ್ಟಿನ ಚಿತ್ರಲಿಪಿಯೂ ಮರೆತುಹೋಯಿತು, 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೊಲಿಯನ್ ಅದರ ಗುಟ್ಟನ್ನು ಬಿಡಿಸುವವರೆಗೆ ಆ ಮಂತ್ರಗಳನ್ನು ಓದಬಲ್ಲವರೇ ಇರಲಿಲ್ಲ.

ಅಮೆರಿಕದಲ್ಲಿ 1980ರ ದಶಕದ ಕೊನೆಗೆ ಟಮಾರಾ ಸಿಯುಡಾ ಆರಂಭಿಸಿದ ಕೆಮೆಟಿಕ್ ಆರ್ಥೊಡಾಕ್ಸಿ ಎಂಬ, ಪ್ರಾಚೀನ ಈಜಿಪ್ಟಿನ ಧರ್ಮವನ್ನು ಮತ್ತೆ ಆಚರಿಸುವ ಪಂಥದವರು ಇಂದು ತಮ್ಮ ಮನೆಗಳಲ್ಲಿಯೇ ಪುಟ್ಟ ಪೀಠವಿಟ್ಟು, ಶುದ್ಧಿ ಮಾಡಿಕೊಂಡು, ದೀಪ ಧೂಪಗಳೊಡನೆ 'ಸೆನುತ್' ಎಂಬ ನಿತ್ಯಪೂಜೆಯ ವಿಧಿಯನ್ನು ನಡೆಸುತ್ತಾರೆ. ಇದನ್ನು ವೇಷಭೂಷಣದ ಆಟವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ, ಏಕೆಂದರೆ ಬೆಳಗ್ಗೆ ಎದ್ದು ದೇವರ ಮುಂದೆ ನಿಲ್ಲುವ ಶ್ರದ್ಧೆ ಶ್ರದ್ಧೆಯೇ. ಆದರೂ ಇದು ಪುಸ್ತಕಗಳಿಂದ ಮರಳಿ ಕಟ್ಟಿದ ಆಚರಣೆ. ಅಖಂಡ ಪರಂಪರೆಯೆಂದು ಇದನ್ನು ಕರೆಯಲಾಗದು. (ಗರ್ಭಗುಡಿ, ನೈವೇದ್ಯಗಳ ಹೋಲಿಕೆ ಕಂಡ ಮಾತ್ರಕ್ಕೆ ಅದೆಲ್ಲ ಭಾರತದಿಂದಲೇ ಹೋದದ್ದು ಎನ್ನುವ ನಮ್ಮವರ ವಾದಕ್ಕೂ ಆಧಾರವಿಲ್ಲ.)

ಮರಳಿ ಬಾರದಿರುವುದು ಮುಖ್ಯವಾಗಿ ನೈವೇದ್ಯದ ವ್ಯವಸ್ಥೆ. ಈಜಿಪ್ಟಿನ ಮೆದಿನೆತ್ ಹಾಬುವಿನಲ್ಲಿರುವ, ಮೂರನೆಯ ರಾಮ್ಸೆಸ್ ದೊರೆಯ ದೇವಾಲಯದ ಹೊರಗೋಡೆಯ ಮೇಲೆ ಯಾವ ಹಬ್ಬಕ್ಕೆ ಎಷ್ಟು ರೊಟ್ಟಿ, ಎಷ್ಟು ಬಿಯರ್ ಎಂಬ ಉದ್ದನೆಯ ಪಟ್ಟಿಯೇ ಇದೆ. ದೇವಾಲಯದ ಹೊಲಗಳಲ್ಲಿ ಬೆಳೆದ ಧಾನ್ಯ ಅದರದೇ ಅಡುಗೆಮನೆಗಳಲ್ಲಿ ರೊಟ್ಟಿಯಾಗಿ ದೇವರ ಮುಂದೆ ಬಂದು, ಅಲ್ಲಿಂದ ಅರ್ಚಕರಿಗೂ ಸಿಬ್ಬಂದಿಗೂ ಹಂಚಿಕೆಯಾಗುತ್ತಿತ್ತು. ಎಷ್ಟೋ ಕುಟುಂಬಗಳ ಊಟ ಆ ಪೂಜೆಯನ್ನೇ ನಂಬಿತ್ತು. ಇಂದಿನ ಭಕ್ತರೂ ಅರ್ಪಿಸಿದ ಆಹಾರವನ್ನು ಬಳಿಕ ತಾವು ಸೇವಿಸುತ್ತಾರೆ, ಅದು ಸರಿಯಾದ ಕ್ರಮವೇ ಹೌದು. ಆದರೆ ಅವರ ಪೀಠದ ಹಿಂದೆ ಹೊಲವಿಲ್ಲ, ಕಣಜವಿಲ್ಲ, ಆ ರೊಟ್ಟಿಯ ಪಾಲಿಗಾಗಿ ಕಾಯುವ ಊರೂ ಇಲ್ಲ.