ಬೊಂಬೆ ವೇಷದ ಒಳಗೆ ಇರುವವರು

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಶಾಲೆಗಳಿಂದ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಮೈಸೂರು ಮುಗಿಸಿ ಬಿಡದಿಯ ವಂಡರ್‌ಲಾ ತನಕ ಹೋಗುವವರೂ ಇದ್ದಾರೆ. ಇಂಥ ಪಾರ್ಕುಗಳಲ್ಲಿ ದೊಡ್ಡ ತಲೆಯ ಬೊಂಬೆ ವೇಷ ಹಾಕಿಕೊಂಡು ಮಕ್ಕಳ ಕೈ ಕುಲುಕುವವರು ಇರುತ್ತಾರೆ, ಅಲ್ವಾ? ಇವತ್ತಿನ ಮಾತು ಅವರ ಬಗ್ಗೆ. ಅವರ ಎದುರು ನಾವು ಹೇಗಿರುತ್ತೇವೆ ಎನ್ನುವುದರ ಬಗ್ಗೆಯೂ ಹೌದು. ಬಾಲ ಎಳೆಯುವುದು, ಹಿಂದಿನಿಂದ ಗುದ್ದುವುದು, ಮುಖ ತೋರಿಸು ಎಂದು ತಲೆಗೆ ಕೈ ಹಾಕುವುದು. ಮಕ್ಕಳಷ್ಟೇ ಅಲ್ಲ, ಬೆಳೆದವರೂ ಹೀಗೆ ಮಾಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಈ ಕೆಲಸಕ್ಕೆ ಬಿಗಿಯಾದ ಶಿಸ್ತು ತಂದ ಜಾಗಗಳಲ್ಲಿ ಮುಖ್ಯವಾದದ್ದು ಅಮೆರಿಕದ ಡಿಸ್ನಿಲ್ಯಾಂಡ್. ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈ 17ರಂದು ಅದು ಶುರುವಾಯಿತು. ಅಲ್ಲಿ ಕಸ ಗುಡಿಸುವವರನ್ನೂ ನಾಟಕದ ಪಾತ್ರಧಾರಿಗಳ ಲೆಕ್ಕಕ್ಕೇ ಸೇರಿಸುತ್ತಾರೆ. ದಾರಿ ತೋರಿಸುವಾಗ ಒಂಟಿ ಬೆರಳು ಚಾಚುವುದಿಲ್ಲ. ಎರಡು ಬೆರಳು, ಇಲ್ಲವೇ ಇಡೀ ಅಂಗೈ.

ವೇಷದವರಲ್ಲಿ ಎರಡು ಬಗೆ. ರಾಜಕುಮಾರಿಯರ ಹಾಗೆ ಮುಖ ಕಾಣುವ ಪಾತ್ರಗಳು ಮಾತಾಡುತ್ತವೆ. ಮಗು ಏನೇ ಕೇಳಲಿ, ಆ ಕಥೆಯ ಒಳಗಿನಿಂದಲೇ ಉತ್ತರ ಬರಬೇಕು. ಮಿಕ್ಕಿ ಮೌಸ್‌ನಂತೆ ಇಡೀ ತಲೆ ಮುಚ್ಚಿದ ಪಾತ್ರಗಳದ್ದು ಸಾಮಾನ್ಯವಾಗಿ ಮೌನವೇ. ಖುಷಿ, ನಾಚಿಕೆ, ಅಚ್ಚರಿ ಎಲ್ಲವೂ ಕೈಯಲ್ಲಿ, ಭುಜದಲ್ಲಿ, ನಡಿಗೆಯಲ್ಲಿ ಕಾಣಬೇಕು. ಪಾತ್ರದ ಸಹಿಗೂ ಅಭ್ಯಾಸ ಬೇಕು, ಯಾಕೆಂದರೆ ವೇಷ ಯಾರೇ ಹಾಕಿರಲಿ, ಮಿಕ್ಕಿಯ ಸಹಿ ಒಂದೇ ಥರ ಇರಬೇಕು. ಮಕ್ಕಳ ಕಣ್ಣೆದುರು ತಲೆ ತೆಗೆಯುವಂತೆಯೇ ಇಲ್ಲ. ಫ್ಲೋರಿಡಾದಲ್ಲಿ ಡಿಸ್ನಿಯವರು 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಅಡಿಯಲ್ಲಿ ನೌಕರರು ಓಡಾಡಲೆಂದೇ ಸುರಂಗದಂಥ ದಾರಿಗಳಿವೆ. ಪಾರ್ಕಿನ ಒಂದು ಕಥಾಲೋಕದ ವೇಷದವರು ಇನ್ನೊಂದು ಕಥಾಲೋಕದ ನಡುವೆ ಹಾದು ಹೋಗಬಾರದು ಎಂದು ಅಷ್ಟು ಕಾಳಜಿ.

ಇದೆಲ್ಲ ದೂರದ ದೇಶದ ಮಾತು ಅನ್ನಿಸಬಹುದು. ಆದರೆ ವೇಷದ ಕಟ್ಟುಪಾಡು ಕೊಡಗಿನವರಿಗೆ ಹೊಸದಲ್ಲ. ಮೇ ತಿಂಗಳಲ್ಲಿ ತಿತಿಮತಿ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಹಾಡಿಗಳ, ಅಂದರೆ ಬುಡಕಟ್ಟು ಜನರ ಕೇರಿಗಳ ಗಂಡಸರು ಹೆಣ್ಣು ವೇಷ ಹಾಕಿ, ಡಬ್ಬ ಬಡಿಯುತ್ತಾ ದೇವರನ್ನೂ ಬಿಡದೆ ಬೈಯುತ್ತಾರೆ. ಎದುರು ಸಿಕ್ಕವರಿಗೂ ಬೈಗುಳ ತಪ್ಪದು. ಆ ದಿನ ಬೈಸಿಕೊಂಡವರು ನಕ್ಕು ಕಾಸು ಕೊಡುತ್ತಾರೆ. ಇನ್ನು ತೆರೆ ಕಟ್ಟುವವರನ್ನು, ಅಂದರೆ ದೈವದ ವೇಷ ತೊಡುವವರನ್ನು ನೋಡಿ. ಕಟ್ಟಿದವರು ನಮ್ಮ ಪರಿಚಯದವರೇ ಇರಬಹುದು. ಆದರೂ ತೆರೆ ಕಟ್ಟಿ ನಿಂತ ಮೇಲೆ ಅವರನ್ನು ಯಾರೂ ಹೆಸರು ಹಿಡಿದು ಕೂಗುವುದಿಲ್ಲ. ಕೈ ಮುಗಿದು ನಿಲ್ಲುತ್ತೇವೆ. ದೈವಕ್ಕೂ ಪಾರ್ಕಿನ ಬೊಂಬೆಗೂ ಹೋಲಿಕೆ ಮಾಡುತ್ತಿಲ್ಲ, ಅದು ಸರಿಯಲ್ಲ. ನಾನು ಹೇಳುವುದು ಇಷ್ಟೇ: ವೇಷ ಹಾಕಿದವರಿಗೆ ಒಂದು ಕಟ್ಟುಪಾಡು ಇದ್ದರೆ ಎದುರು ನಿಂತವರಿಗೂ ಒಂದು ಇದೆ. ಕುಂಡೆ ಹಬ್ಬದ ವೇಷಕ್ಕೆ ಬಾಯಿ ಇದೆ, ತಿರುಗಿ ಬೈಯಬಹುದು. ಪಾರ್ಕಿನ ಕರಡಿಗೆ ಆ ಬಾಯಿಯೂ ಇಲ್ಲ. ನೋವಾದರೂ ಕೂಗುವಂತಿಲ್ಲ. ಅದಕ್ಕೇ ನಮ್ಮ ಪಾಲಿನ ಎಚ್ಚರ ಇನ್ನೂ ಜಾಸ್ತಿ ಬೇಕು.

ಒಳಗಿನ ಸ್ಥಿತಿ ಸ್ವಲ್ಪ ಯೋಚಿಸಿ. ಮಾರ್ಚ್ ಬಿಸಿಲಲ್ಲಿ ಕಾಫಿ ಕಣದ ನಡುವೆ ಕಂಬಳಿ ಹೊದ್ದು ನಿಂತ ಹಾಗೆ. ಕಣ್ಣಿಗೆ ಕಾಣುವುದು ಸಣ್ಣ ಕಿಂಡಿಯಷ್ಟು. ಪಕ್ಕದಲ್ಲಿ, ಕಾಲಬುಡದಲ್ಲಿ ಯಾರಿದ್ದಾರೆ ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಒಳ್ಳೆಯ ಪಾರ್ಕುಗಳಲ್ಲಿ ಜೊತೆಗೆ ಒಬ್ಬ ಸಹಾಯಕರು ಇರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ವೇಷದವರನ್ನು ವಿಶ್ರಾಂತಿಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. "ಸರದಿ ಬರುವಾಗಲೇ ಹೋದ್ರು" ಎಂದು ಅವರ ಮೇಲೆ ರೇಗಬೇಡಿ.

ಇಷ್ಟೆಲ್ಲ ಸಹಿಸುವವರಿಗೆ ಸಣ್ಣ ಸಣ್ಣ ಸೌಕರ್ಯವೂ ಸುಮ್ನೆ ಸಿಕ್ಕಿದ್ದಲ್ಲ. ಫ್ಲೋರಿಡಾದ ಡಿಸ್ನಿ ಪಾರ್ಕುಗಳಲ್ಲಿ ವೇಷದ ಒಳಗೆ ಹಾಕುವ ಒಳಉಡುಪನ್ನು ಒಬ್ಬರಾದ ಮೇಲೆ ಒಬ್ಬರು ಹಂಚಿಕೊಳ್ಳಬೇಕಿತ್ತು. ಚರ್ಮದ ಕಾಯಿಲೆ ಹರಡುತ್ತದೆ ಎಂದು ನೌಕರರು ದೂರಿದರು. 2001ರಲ್ಲಿ ಅವರ ಕಾರ್ಮಿಕ ಸಂಘ ಮಾತುಕತೆ ನಡೆಸಿದ ಮೇಲೆ, ತಮ್ಮದೇ ಉಡುಪು ಮನೆಗೆ ಒಯ್ದು ಒಗೆದುಕೊಳ್ಳುವ ಹಕ್ಕು ಬಂತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ವೇಷದವರು ಮತ್ತು ಮೆರವಣಿಗೆಯ ಕಲಾವಿದರು ಸೇರಿ ಸುಮಾರು 1,700 ಮಂದಿ. ಅವರು ಸಂಘಕ್ಕಾಗಿ ಮತ ಹಾಕಿ ಗೆದ್ದದ್ದು 2024ರ ಮೇ ತಿಂಗಳಲ್ಲಿ. ಎಲ್ಲರನ್ನೂ ನಗಿಸುವವರು ತಮ್ಮ ಸುರಕ್ಷತೆಗಾಗಿ ಇಷ್ಟು ವರ್ಷ ಕಾಯಬೇಕಾಯಿತು. ನಮ್ಮ ಕಡೆ ಮದುವೆ ಮನೆ, ಹುಟ್ಟುಹಬ್ಬ, ಅಂಗಡಿ ಉದ್ಘಾಟನೆ ಎಂದು ದಿನಗೂಲಿಗೆ ಬೊಂಬೆ ವೇಷ ಹಾಕುವ ಹುಡುಗರ ಜೊತೆಗೆ ಸಹಾಯಕರೂ ಇರುವುದಿಲ್ಲ. ಕರೆಸಿದವರು ನೆರಳಲ್ಲಿ ಒಂದು ಕುರ್ಚಿ, ಕುಡಿಯಲು ನೀರು, ಮರೆಯಲ್ಲಿ ತಲೆ ತೆಗೆದು ಕೂರುವ ಜಾಗ ಕೊಡಲೇಬೇಕು.

ಪ್ರವಾಸಕ್ಕೆ ಹೊರಡುವ ಮೇಷ್ಟ್ರು, ಟೀಚರ್‌ಗಳಿಗೆ ಒಂದು ವಿನಂತಿ. ಬಸ್ಸಿನಲ್ಲೇ ಮಕ್ಕಳಿಗೆ ಹೇಳಿಬಿಡಿ: ಬೊಂಬೆಯ ಮುಂದಿನಿಂದ ಹೋಗಿ, ಅದಕ್ಕೆ ಕಾಣುವ ಹಾಗೆ ಕೈ ಚಾಚಿ, ಹಿಂದಿನಿಂದ ಮುಟ್ಟಬೇಡಿ. ಅಪ್ಪ ಅಮ್ಮಂದಿರೇ, ನಿಮ್ಮ ಪುಟ್ಟ ಮಗು ಬೊಂಬೆ ನೋಡಿ ಹೆದರಿ ಅತ್ತರೆ ಫೋಟೋ ಆಸೆಗೆ ಅದರ ಕೈಗೆ ತಳ್ಳಬೇಡಿ. ದೂರದಿಂದ ಕೈ ಬೀಸಿದರೆ ಸಾಕು. ಕೆಲಸ ಗೊತ್ತಿರುವ ವೇಷದವರು ತಾವೇ ಎರಡು ಹೆಜ್ಜೆ ಹಿಂದೆ ಸರಿದು, ಮಂಡಿಯೂರಿ ಮಗುವಿನ ಎತ್ತರಕ್ಕೆ ಬಂದು ಕಾಯುತ್ತಾರೆ. ಬರಬೇಕೋ ಬೇಡವೋ ಎಂದು ಮಗುವೇ ತೀರ್ಮಾನಿಸಲಿ.

ನಮಸ್ಕಾರ.