ಹೊಸ ಎಂಜಿನ್‌ಗೆ ಬರೀ ಎಣ್ಣೆ

ಕೇಳುಗರಿಗೆ ನಮಸ್ಕಾರ.

ವಿಮಾನದ ಎಣ್ಣೆ ತುಂಬಿದ ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದರ ಮೇಲೆ ‘ಏರೋಶೆಲ್ 100’ ಎಂದಿದೆ. ಇನ್ನೊಂದರ ಮೇಲೆ ‘ಏರೋಶೆಲ್ ಡಬ್ಲ್ಯೂ 100’. ಎರಡೂ ಒಂದೇ ದಪ್ಪದ ಎಣ್ಣೆಗಳು. ಆ ನೂರು ಬಂದಿರುವುದು ಒಂದು ಹಳೆಯ ಅಳತೆಯಿಂದ: ಸುಮಾರು 99 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ 60 ಮಿಲಿಲೀಟರ್ ಎಣ್ಣೆ ಸಣ್ಣ ರಂಧ್ರದಿಂದ ಇಳಿದುಹೋಗಲು ಹೆಚ್ಚುಕಡಿಮೆ ನೂರು ಸೆಕೆಂಡು ಬೇಕು. ವ್ಯತ್ಯಾಸವೆಲ್ಲ ಆ ಒಂದು ಅಕ್ಷರದಲ್ಲಿದೆ. ಅಕ್ಷರವಿಲ್ಲದ ಡಬ್ಬಿಯಲ್ಲಿರುವುದು ಮಸಿಯನ್ನು ಹಿಡಿದಿಡುವ ರಾಸಾಯನಿಕ ಬೆರೆಸದ ಬರೀ ಖನಿಜ ತೈಲ.

ಸೆಸ್ನಾದಂತಹ ತರಬೇತಿ ವಿಮಾನದ ಪಿಸ್ಟನ್ ಎಂಜಿನ್‌ಗೆ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ದುರಸ್ತಿ, ಮಾಡಿ ಹೊಸ ಸಿಲಿಂಡರ್ ಕೂರಿಸಿದಾಗ ಸಾಮಾನ್ಯವಾಗಿ ಮೊದಲು ಸುರಿಯುವುದು ಈ ಬರೀ ಎಣ್ಣೆಯನ್ನೇ. ಹೊಸ ಸಿಲಿಂಡರಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಗೋಡೆಯ ತುಂಬ ಚಾಪೆಯ ನೇಯ್ಗೆಯಂತೆ ಒಂದರ ಮೇಲೊಂದು ಹಾಯ್ದ ಸಣ್ಣ ಗೀರುಗಳು ಕಾಣುತ್ತವೆ. ಪಿಸ್ಟನ್ನಿನ ಸುತ್ತ ಬಳೆಯಂತೆ ಕೂರುವ ಪಿಸ್ಟನ್ ರಿಂಗುಗಳು ಆ ಗೀರುಗಳ ಏಣುಗಳನ್ನು ಉಜ್ಜಿ, ತಾವೂ ಒಂದಿಷ್ಟು ಸವೆದು, ಗೋಡೆಗೆ ಒಪ್ಪವಾಗಿ ಹೊಂದಿಕೊಳ್ಳಬೇಕು. ಸವೆತವನ್ನು ತಡೆಯುವುದೇ ಎಣ್ಣೆಯ ಧರ್ಮವಾದರೂ ಈ ಮೊದಲ ಗಂಟೆಗಳಲ್ಲಿ ಕೊಂಚ ಸವೆತ ಬೇಕೇ ಬೇಕು, ಮತ್ತು ಬರೀ ಖನಿಜ ತೈಲ ಅದಕ್ಕೆ ಅವಕಾಶ ಕೊಡುತ್ತದೆ.

ಹೊಸ ಎಂಜಿನ್ ಎಂದು ಮುದ್ದು ಮಾಡಿ ನಿಧಾನವಾಗಿ ಓಡಿಸುವುದು ಇಲ್ಲಿ ದೊಡ್ಡ ತಪ್ಪು. ಶಕ್ತಿ ಕಡಿಮೆಯಿದ್ದರೆ ರಿಂಗು ಗೋಡೆಗೆ ಬಿಗಿಯಾಗಿ ಒತ್ತುವುದಿಲ್ಲ; ಉಳಿದ ಎಣ್ಣೆ ಬಿಸಿಗೆ ಸೀದು, ಗೀರುಗಳನ್ನು ತುಂಬಿ, ಗಾಜಿನಂತಹ ಪದರವಾಗುತ್ತದೆ. ಆಮೇಲೆ ಎಂಜಿನ್ ಎಣ್ಣೆ ಕುಡಿಯುತ್ತಲೇ ಇರುತ್ತದೆ, ಸಿಲಿಂಡರ್ ಬಿಚ್ಚಿ ಮತ್ತೆ ಗೀರು ಹಾಕದೆ ಬೇರೆ ದಾರಿಯಿಲ್ಲ. ಆದ್ದರಿಂದ ನೆಲದ ಮೇಲಿನ ಓಟವನ್ನು ಮೊಟಕುಗೊಳಿಸಿ, ಹಾರಾಟದಲ್ಲಿ ಶೇಕಡಾ 65ರಿಂದ 75ರಷ್ಟು ಶಕ್ತಿ ಕೊಟ್ಟು ಪಳಗಿಸುತ್ತಾರೆ. ಸುಮಾರು 50 ಗಂಟೆಗಳವರೆಗೆ, ಇಲ್ಲವೇ ಎಣ್ಣೆಯ ಖರ್ಚು ಒಂದು ಮಟ್ಟಕ್ಕೆ ನಿಲ್ಲುವವರೆಗೆ ಇದು ನಡೆಯುತ್ತದೆ. ಲೈಕಮಿಂಗ್ ಕಂಪನಿಯ ಟರ್ಬೋಚಾರ್ಜರ್ (ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಎಂಜಿನ್‌ಗಳಿಗೆ ಮಾತ್ರ ಬರೀ ಎಣ್ಣೆಯಲ್ಲಿ ಪಳಗಿಸುವ ಈ ರೂಢಿ ಅನ್ವಯಿಸದು.

ಪಳಗಿದ ಮೇಲೆ ಡಬ್ಲ್ಯೂ ಡಬ್ಬಿಯ ಸರದಿ. ಬರೀ ಎಣ್ಣೆಗೆ ಮಸಿಯನ್ನೂ ವಿಮಾನದ ಪೆಟ್ರೋಲಿನ ಸೀಸದ ಕಣಗಳನ್ನೂ ಹೊತ್ತು ತಿರುಗುವ ಬಲ ಸಾಲದು. ಅವು ಅಲ್ಲಲ್ಲಿ ಕೆಸರಾಗಿ ಕೂರುತ್ತವೆ. ಬೂದಿ ಬಿಡದ ಡಿಸ್ಪರ್ಸೆಂಟ್ ಎಂಬ, ಕಣಗಳನ್ನು ಚದುರಿಸಿಡುವ ರಾಸಾಯನಿಕ ಬೆರೆಸಿದ ಡಬ್ಲ್ಯೂ ಎಣ್ಣೆ ಅವನ್ನು ತೇಲಿಸಿಕೊಂಡಿದ್ದು, ಎಣ್ಣೆ ಬದಲಿಸುವಾಗ ತನ್ನೊಡನೆ ಹೊರಗೆ ಒಯ್ಯುತ್ತದೆ. ‘ಬೂದಿ ಬಿಡದ’ ಎಂಬ ಮಾತಿಗೆ ತೂಕವಿದೆ. ಕಾರಿನ ಎಣ್ಣೆಯಲ್ಲಿ ಲೋಹದ ಅಂಶವಿರುವ ರಾಸಾಯನಿಕಗಳಿರುತ್ತವೆ. ಅವುಗಳ ಬೂದಿ ದಹನಕೋಣೆಯಲ್ಲಿ ಕೆಂಡವಾಗಿ, ಕಿಡಿಗೆ ಮೊದಲೇ ಇಂಧನ ಹೊತ್ತಿಸಿ, ಪಿಸ್ಟನ್ನನ್ನೇ ತೂತು ಮಾಡಬಲ್ಲದು.

 

ನೂರಾರು ಗಂಟೆ ಬರೀ ಎಣ್ಣೆಯಲ್ಲೇ ಓಡಿದ ಹಳೆಯ ಎಂಜಿನ್‌ಗೆ ಡಬ್ಲ್ಯೂ ಎಣ್ಣೆ ಹಾಕುವಾಗ ಎಚ್ಚರ ಬೇಕು. ಕೂತಿದ್ದ ಕೆಸರು ಸಡಿಲಗೊಂಡು ಎಣ್ಣೆಯ ದಾರಿಗೆ ಅಡ್ಡ ಬರಬಹುದು. ಐದು ಗಂಟೆ ಮೀರುವ ಮೊದಲೇ ಆ ಎಣ್ಣೆಯನ್ನು ಇಳಿಸಿ, ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಸಿಲಲ್ಲಿ ಹರವಿ, ಕೆಸರೆಷ್ಟು, ಲೋಹದ ಚೂರೇನಾದರೂ ಇದೆಯೇ ಎಂದು ಮಡಿಕೆ ಮಡಿಕೆಯನ್ನೂ ಬಿಡಿಸಿ ನೋಡಬೇಕು.